ಗೋಲ್ಡನ್ ರೇಶಿಯೋ ಕ್ಯಾಲಿಪರ್: ನಾಲ್ಕು ತಿಂಗಳು ಬಳಸಿದ ಬಡಗಿಯ ಮಾತು

ಆರು ತಿಂಗಳ ಹಿಂದೆ ಆನ್‌ಲೈನಿನಲ್ಲಿ 649 ರೂಪಾಯಿ ಕೊಟ್ಟು ಒಂದು ಗೋಲ್ಡನ್ ರೇಶಿಯೋ ಕ್ಯಾಲಿಪರ್ ತರಿಸಿದೆ. ಮೂರು ಮೊನೆ ಇರುವ ಕಂಪಾಸು ಅಂದುಕೊಳ್ಳಿ. ಹೊರಗಿನ ಎರಡು ಕಾಲನ್ನು ಎಷ್ಟೇ ಅಗಲಿಸಿದರೂ ನಡುವಿನ ಕಾಲು ತಾನಾಗಿಯೇ ಸರಿದು ಒಂದು ಜಾಗಕ್ಕೆ ಹೋಗಿ ನಿಲ್ಲುತ್ತದೆ. ಆ ಜಾಗ ಸರಿ ಮಧ್ಯ ಅಲ್ಲ. ಒಂದು ಕಡೆ ಸುಮಾರು 38 ಪಾಲು, ಇನ್ನೊಂದು ಕಡೆ 62 ಪಾಲು. ದೊಡ್ಡ ಪಾಲನ್ನು ಸಣ್ಣದರಿಂದ ಭಾಗಿಸಿದರೆ 1.618. ಇದನ್ನೇ ಗೋಲ್ಡನ್ ರೇಶಿಯೋ, ಚಿನ್ನದ ಅನುಪಾತ ಅನ್ನುತ್ತಾರೆ.

ನಾನು ಸಾಗರದಲ್ಲಿ ಇಪ್ಪತ್ತೆರಡು ವರ್ಷದಿಂದ ಮರದ ಕೆಲಸ ಮಾಡುತ್ತಿದ್ದೇನೆ. ಮಂಚ, ಬೀರು, ಅಡುಗೆಮನೆ ಕಪಾಟು, ದೇವರ ಮಂಟಪ ಎಲ್ಲವೂ ಉಂಟು. ರಾತ್ರಿ ಊಟ ಆದ ಮೇಲೆ ಬೇರೆ ದೇಶದ ಬಡಗಿಗಳ ವಿಡಿಯೋ ನೋಡುವ ಚಟ ಇದೆ. ಅಲ್ಲಿ ಒಬ್ಬ ಈ ಕ್ಯಾಲಿಪರ್ ಹಿಡಿದು ಹಲಗೆ ಮೇಲೆ ಟಕ್ ಟಕ್ ಅಂತ ಗುರುತು ಹಾಕಿಕೊಂಡು ಹೋದ. ಟೇಪು ಇಲ್ಲ, ಲೆಕ್ಕ ಇಲ್ಲ. ಕೊನೆಗೆ ಆದ ಡ್ರಾಗಳ ಸಾಲು ನೋಡಲು ಚೆಂದ ಇತ್ತು, ಸುಳ್ಳು ಹೇಳಲ್ಲ. ಅವತ್ತೇ ಆರ್ಡರ್ ಹಾಕಿದೆ.

ಡಬ್ಬ ಬಂತು. ಮೇಲೆ ಒಬ್ಬಳು ಹುಡುಗಿಯ ಹುಬ್ಬಿನ ಚಿತ್ರ.

ನಾನು ತಪ್ಪು ಪಾರ್ಸೆಲ್ ಅಂದುಕೊಂಡೆ. ಒಡೆದು ನೋಡಿದರೆ ಸಾಮಾನು ಅದೇ. ಆಮೇಲೆ ತಿಳಿಯಿತು, ಈ ಕ್ಯಾಲಿಪರ್ ಜಾಸ್ತಿ ಮಾರಾಟ ಆಗುವುದೇ ಬ್ಯೂಟಿ ಪಾರ್ಲರಿನವರಿಗೆ. ಹುಬ್ಬು ಎಲ್ಲಿ ಶುರು, ಎಲ್ಲಿ ಕೊನೆ, ನಡುವೆ ಬಿಲ್ಲು ಎಲ್ಲಿ ಬಾಗಬೇಕು ಅಂತ ಗುರುತು ಹಾಕಲು. ಹಲ್ಲಿನ ಡಾಕ್ಟರುಗಳೂ ಮುಂದಿನ ಹಲ್ಲುಗಳ ಅಗಲ ನೋಡಲು ಇಂಥದ್ದೇ ಒಂದನ್ನು ಇಟ್ಟುಕೊಳ್ಳುತ್ತಾರೆ. ನನ್ನ ಅಂಗಡಿ ಹುಡುಗ ಡಬ್ಬ ನೋಡಿ, "ಅಣ್ಣ, ಇನ್ನು ಬೀರುಗೆ ಹುಬ್ಬು ತೀಡೋದಾ?" ಅಂದ. ಎರಡು ದಿನ ಅದೇ ತಮಾಷೆ.

ಮೊದಲು ವಸ್ತುವಿನ ಗುಣ ಹೇಳಿಬಿಡುತ್ತೇನೆ. ಮಾರಿದವರ ಹೆಸರು ಬೇಡ. ಒಂದೇ ಮಾಲು ಹತ್ತು ಹೆಸರಿನಲ್ಲಿ ಸಿಗುತ್ತದೆ. ಸ್ಟೀಲು ತೆಳು, ಆದರೆ ತುಕ್ಕು ಹಿಡಿದಿಲ್ಲ. ಮಲೆನಾಡಿನ ಮಳೆಗಾಲ ಒಂದು ಕಳೆದಿದೆ, ಹಾಗಾಗಿ ಅದು ಸಣ್ಣ ಮಾತಲ್ಲ. ಮೊನೆಗಳು ಚೂಪು. ಕೀಲುಗಳು ಮಾತ್ರ ಸಡಿಲ. ಸ್ಟೀಲ್ ಸ್ಕೇಲ್ ಇಟ್ಟು ಪರೀಕ್ಷೆ ಮಾಡಿದೆ. 5 ಸೆಂ.ಮೀ. ಅಗಲಿಸಿದರೆ ನಡುವಿನ ಮೊನೆ 31 ಮಿ.ಮೀ.ನಲ್ಲಿ ನಿಂತಿತು, ಸರಿ ಇದೆ. 10 ಸೆಂ.ಮೀ.ಗೆ 61.8 ಬರಬೇಕು, 61 ಬಂತು. 16 ಸೆಂ.ಮೀ.ಗೆ 98.9 ಬರಬೇಕು, 97 ಬಂತು. ಮತ್ತೆ ಅಳೆದರೆ ಇನ್ನೊಂದು ಲೆಕ್ಕ. ರಿವೆಟ್ಟಿನ ತಲೆಗೆ ಸಣ್ಣ ಸುತ್ತಿಗೆಯಿಂದ ಎರಡು ಏಟು ಹಾಕಿದ ಮೇಲೆ ಸ್ವಲ್ಪ ಬಿಗಿಯಾಯಿತು. ಪೂರ್ತಿ ಅಗಲಿಸಿದರೆ 18 ಸೆಂ.ಮೀ. ಅಷ್ಟೇ. ಹುಬ್ಬಿಗೆ ಧಾರಾಳ. ಬೀರಿಗೆ? ಏಳು ಅಡಿ ಬೀರಿನ ಮುಂದೆ ಇದನ್ನು ಹಿಡಿದು ನಿಂತರೆ ಆನೆಗೆ ಚಮಚದಲ್ಲಿ ನೀರು ಕುಡಿಸಿದ ಹಾಗೆ.

ಡಬ್ಬದೊಳಗೆ ಒಂದು ಬಣ್ಣದ ಹಾಳೆಯೂ ಇತ್ತು. ನನ್ನ ಸಿಟ್ಟು ವಸ್ತುವಿಗಿಂತ ಆ ಹಾಳೆಯ ಮೇಲೆ ಜಾಸ್ತಿ. ಮೇಲೆ 1, 1, 2, 3, 5, 8, 13, 21, 34 ಅಂತ ಫಿಬೊನಾಚಿ ಸಾಲು. ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು. ಪಕ್ಕಪಕ್ಕದ ಎರಡನ್ನು ಭಾಗಿಸುತ್ತ ಹೋದರೆ 1.618ಕ್ಕೆ ಹತ್ತಿರ ಬರುತ್ತದೆ. ಇಲ್ಲಿವರೆಗೆ ಸತ್ಯ. ಅದರ ಕೆಳಗೆ ಗ್ರೀಸಿನ ಪಾರ್ಥೆನಾನ್ ಗುಡಿ, ನಾಟಿಲಸ್ ಅನ್ನುವ ಕಡಲ ಜೀವಿಯ ಸುರುಳಿ ಚಿಪ್ಪು, ಸುಂದರಿಯ ಮುಖ, ಬ್ಯಾಂಕ್ ಕಾರ್ಡು. ಎಲ್ಲದರಲ್ಲೂ ಇದೇ ಅನುಪಾತವಂತೆ. ದೇವರೇ ಕ್ಯಾಲಿಪರ್ ಹಿಡಿದು ಕೂತಿದ್ದ ಅನ್ನುವ ಹಾಗೆ.

ಕೈಯಲ್ಲಿ ಸಾಮಾನು ಇದೆ, ಮಳೆಗೆ ಕೆಲಸ ಇಲ್ಲ. ಸುಮ್ನೆ ಅಳೆಯುತ್ತ ಕೂತೆ. ಎಟಿಎಂ ಕಾರ್ಡು 85.6 ಮಿ.ಮೀ. ಉದ್ದ, 54 ಅಗಲ. ಅನುಪಾತ 1.585. ಚಿನ್ನದ ಅನುಪಾತ ಬೇಕಿದ್ದರೆ ಉದ್ದ 87.4 ಆಗಬೇಕಿತ್ತು. ಎರಡು ಮಿ.ಮೀ. ಹತ್ತಿರ ವ್ಯತ್ಯಾಸ. ನಾನು ಡ್ರಾ ಬಾಯಿಯಲ್ಲಿ ಎರಡು ಮಿ.ಮೀ. ಬಿಟ್ಟರೆ ಗಿರಾಕಿ ದುಡ್ಡು ಹಿಡಿದುಕೊಳ್ಳುತ್ತಾರೆ. ಎ4 ಹಾಳೆ 21 ಸೆಂ.ಮೀ.ಗೆ 29.7, ಅಂದರೆ 1.414. ಅದಕ್ಕೆ ಬೇರೆಯದೇ ಕಾರಣ ಇದೆ. ಅರ್ಧಕ್ಕೆ ಮಡಿಚಿದರೂ ಅದೇ ಆಕಾರ ಉಳಿಯಬೇಕು ಅಂತ ಆ ಅಳತೆ. ಪಾರ್ಥೆನಾನ್ ಕಟ್ಟಿದವರು ಈ ಅನುಪಾತ ಇಟ್ಟುಕೊಂಡೇ ಕಟ್ಟಿದರು ಅನ್ನುವುದಕ್ಕೆ ಅವರ ಕಾಲದ ಬರಹದ ಸಾಕ್ಷಿ ಒಂದೂ ಇಲ್ಲ. ನಾಟಿಲಸ್ ಚಿಪ್ಪು ಒಂದು ಸುತ್ತಿಗೆ ಸುಮಾರು ಮೂರು ಪಟ್ಟು ದೊಡ್ಡದಾಗುತ್ತದೆ. ಚಿನ್ನದ ಅನುಪಾತದ ಸುರುಳಿ ಆಗಿದ್ದರೆ ಒಂದು ಸುತ್ತಿಗೆ ಏಳು ಪಟ್ಟಿನ ಹತ್ತಿರ ಬೆಳೆಯಬೇಕು. ಎರಡೂ ಸುರುಳಿ ಅನ್ನುವುದೊಂದೇ ಸಂಬಂಧ. ಮುಖದ ವಿಷಯ ನಾನು ಮಾತಾಡಲ್ಲ. ಹೆಂಡತಿ ಮುಖಕ್ಕೆ ಕ್ಯಾಲಿಪರ್ ಹಿಡಿಯಲು ಹೋಗಿ ಬೈಸಿಕೊಂಡಿದ್ದೇನೆ.

ಇಷ್ಟೆಲ್ಲ ಗೊತ್ತಾದ ಮೇಲೂ ನಾನು ಒಂದು ದಡ್ಡ ಕೆಲಸ ಮಾಡಿದೆ. ನಮ್ಮ ಬೀದಿಯಲ್ಲಿ ಒಬ್ಬರು ನಿವೃತ್ತ ಕನ್ನಡ ಮೇಷ್ಟ್ರಿದ್ದಾರೆ. ಪುಸ್ತಕದ ಶೆಲ್ಫ್ ಬೇಕು ಅಂದರು. ಅಳತೆ ನನಗೇ ಬಿಟ್ಟರು. ನಾನು ಹುರುಪಿನಲ್ಲಿ ಕೆಳಗಿನಿಂದ ಮೇಲಕ್ಕೆ ಖಾನೆಗಳ ಎತ್ತರ 55, 34, 21, 13 ಸೆಂ.ಮೀ. ಇಟ್ಟುಬಿಟ್ಟೆ. ದೂರದಿಂದ ನೋಡಿದರೆ ಗೋಪುರದ ಹಾಗೆ ಮೇಲೆ ಹೋಗುತ್ತ ಸಣ್ಣದಾಗಿ ಸೊಗಸಾಗಿ ಕಾಣುತ್ತಿತ್ತು. ನನ್ನ ಫೋನಿನಲ್ಲಿ ಹತ್ತು ಫೋಟೋ ಇದೆ.

ಮಾರನೇ ದಿನ ಮೇಷ್ಟ್ರ ಫೋನು. "ಮಾರಾಯ, ಪುಸ್ತಕ ನಿಲ್ಲೋದಿಲ್ವಲ್ಲೋ." ಹೋಗಿ ನೋಡಿದೆ. ನಮ್ಮ ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವು ಡೆಮಿ ಅಷ್ಟಮ. ಐದೂವರೆ ಇಂಚಿಗೆ ಎಂಟೂವರೆ ಇಂಚು. ಎಂಟೂವರೆ ಇಂಚು ಅಂದರೆ 21.6 ಸೆಂ.ಮೀ. ಖಾನೆ 21. ಕಾದಂಬರಿಗಳೆಲ್ಲ ಹೆಣದ ಹಾಗೆ ಅಡ್ಡ ಮಲಗಿದ್ದವು. 13ರ ಖಾನೆಗೆ ಪಂಚಾಂಗ ಒಂದು ಬಿಟ್ಟರೆ ಏನೂ ಹೋಗಲ್ಲ. 55ರ ಖಾನೆಯಲ್ಲಿ ಮೇಷ್ಟ್ರ ಹೆಂಡತಿ ಕುಕ್ಕರ್ ಡಬ್ಬ ಇಟ್ಟಿದ್ದರು. ನಮ್ಮಪ್ಪನ ಹತ್ತಿರ ಒಂದು ಅಳತೆ ಕೋಲು ಇತ್ತು, ಅಷ್ಟೇ. ಅವರು ಕಪಾಟು ಮಾಡುವ ಮೊದಲು ಮನೆಯವರ ಪಾತ್ರೆ ಹೊರಗೆ ತೆಗೆಸಿ ಸಾಲಾಗಿ ಇಡಿಸುತ್ತಿದ್ದರು. ಆಮೇಲೆ ಗುರುತು ಹಾಕುತ್ತಿದ್ದರು. ಅಪ್ಪ ಇದ್ದಿದ್ದರೆ ಅವತ್ತು ನನ್ನನ್ನು ಏನನ್ನುತ್ತಿದ್ದರೋ. ಶೆಲ್ಫ್ ಬಿಚ್ಚಿ ಖಾನೆ 24ಕ್ಕೆ ತಂದು ಕೊಟ್ಟೆ. ಕೂಲಿ ಕೇಳಲಿಲ್ಲ.

ಅಲ್ಲಿ ಬಿಚ್ಚಿ ಕಟ್ಟುವಾಗಲೇ ನಿಜವಾದ ವಿಷಯ ಸಿಕ್ಕಿದ್ದು. ಮೇಷ್ಟ್ರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಆ ಬಣ್ಣದ ಹಾಳೆ ತೋರಿಸಿದೆ. ಅವರು ಸಾಲು ನೋಡಿ ನಕ್ಕರು. "ಇದು ನಮ್ಮ ಛಂದಸ್ಸಿನ ಲೆಕ್ಕ ಕಣೋ" ಅಂದರು. ನನಗೆ ಶಾಲೆಯಲ್ಲಿ ಲಘು-ಗುರು ಅಂದರೆ ಮಂಡೆಬಿಸಿ. ಹಾಗಂತ ಹೇಳಿದೆ. ಅವರು ನೆಲದ ಮೇಲೆ ಬಿದ್ದಿದ್ದ ಪಟ್ಟಿ ತುಂಡುಗಳನ್ನು ಕೈಗೆತ್ತಿಕೊಂಡರು.

"ಒಂದಿಂಚಿನ ತುಂಡು ಲಘು. ಎರಡಿಂಚಿನ ತುಂಡು ಗುರು. ಈಗ ಮೂರಿಂಚಿನ ಸಂದು ಇದೆ, ತುಂಬು. ಎಷ್ಟು ಥರ ತುಂಬಬಹುದು?"

ಮೂರು ಒಂದಿಂಚಿನವು. ಇಲ್ಲವೇ ಒಂದು ಮತ್ತು ಎರಡು. ಇಲ್ಲವೇ ಎರಡು ಮತ್ತು ಒಂದು. ಮೂರು ಥರ. ಹಲಗೆ, ರಮಾ, ಮೇಜು. ಈ ಮೂರು ಪದಗಳನ್ನು ಬಾಯಲ್ಲಿ ಹೇಳಿ ನೋಡಿ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಅಂತ ಲೆಕ್ಕ ಹಾಕಿದರೆ ಮೂರೂ ಮೂರು ಮಾತ್ರೆ, ಮೂರರ ನಡೆಯೂ ಬೇರೆ. ನಾಲ್ಕಿಂಚಿಗೆ ಐದು ಥರ: ಗಿಡಮರ, ಕಮಲಾ, ಕುಮಾರ, ಸಾಗರ, ಸೀತಾ. ನಮ್ಮೂರ ಹೆಸರು ಗುರು-ಲಘು-ಲಘು ಅಂತ ನಲವತ್ತಾರನೇ ವಯಸ್ಸಿನಲ್ಲಿ ತಿಳಿಯಿತು. ಐದಿಂಚಿಗೆ? ನಾನು ಜೋಡಿಸಲು ಶುರು ಮಾಡಿದೆ. ಮೇಷ್ಟ್ರು ತಡೆದರು.

"ಜೋಡಿಸಬೇಡ, ಯೋಚನೆ ಮಾಡು. ಕೊನೆಯ ತುಂಡು ಯಾವುದು? ಒಂದಿಂಚಿನದು ಆದರೆ ಹಿಂದೆ ನಾಲ್ಕಿಂಚು ಉಳಿಯಿತು. ಅದನ್ನು ತುಂಬಲು ಐದು ದಾರಿ. ಎರಡಿಂಚಿನದು ಆದರೆ ಹಿಂದೆ ಮೂರಿಂಚು. ಅದಕ್ಕೆ ಮೂರು ದಾರಿ. ಐದು ಮೂರು ಎಂಟು."

ಹಿಂದಿನ ಎರಡನ್ನು ಯಾಕೆ ಕೂಡಿಸಬೇಕು ಅಂತ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಅದು ಏನೋ ಮಂತ್ರದ ಹಾಗೆ ಇತ್ತು. ಇಲ್ಲಿ ನಾಲ್ಕು ಮರದ ತುಂಡಿನಲ್ಲಿ ಕಾರಣ ಕಣ್ಣ ಮುಂದೆ ಬಿತ್ತು. ಸಂದು ಒಂದಿಂಚು ದೊಡ್ಡದಾದ ಹಾಗೆ 1, 2, 3, 5, 8, 13.

ಪ್ರಾಕೃತ, ಸಂಸ್ಕೃತ ಪದ್ಯಗಳ ಮಾತ್ರೆ ಎಣಿಸುತ್ತ ವಿರಹಾಂಕ ಅನ್ನುವವರು ಈ ನಿಯಮ ಹೇಳಿದ್ದರು. ಗುಜರಾತಿನ ಜೈನ ಪಂಡಿತ ಹೇಮಚಂದ್ರ 1150ರ ಸುಮಾರಿಗೆ ಬರೆದರು. ಇಟಲಿಯ ಪೀಸಾ ಊರಿನ ಲಿಯೊನಾರ್ಡೊ, ಅಂದರೆ ಈ ಫಿಬೊನಾಚಿ, ಮೊಲಗಳ ಲೆಕ್ಕ ಹಾಕಿದ್ದು 1202ರಲ್ಲಿ. ಫಿಬೊನಾಚಿ ಸಾಲು ಅನ್ನುವ ಹೆಸರು ಅಂಟಿದ್ದು ಇನ್ನೂ ಎಷ್ಟೋ ತಡ, 19ನೇ ಶತಮಾನದಲ್ಲಿ ಫ್ರಾನ್ಸಿನ ಲೂಕಾ ಅನ್ನುವ ಗಣಿತಜ್ಞರಿಂದ. "ನಾವೇ ಮೊದಲು ಅಂತ ಎದೆ ಬಡ್ಕೊಳ್ಳೋದು ಬೇಡ" ಅಂದರು ಮೇಷ್ಟ್ರು. "ಅವರವರ ಕೆಲಸಕ್ಕೆ ಬೇಕಾಗಿತ್ತು, ಎಣಿಸಿದರು."

ನಮ್ಮ ಕಡೆ ಚಳಿಗಾಲ ಶುರುವಾದರೆ ಯಕ್ಷಗಾನ ಬಿಟ್ಟರೆ ಬೇರೆ ಮಾತಿಲ್ಲ. ಭಾಗವತರು ಹಾಡುವ ಭಾಮಿನಿ ಷಟ್ಪದಿ ಮೂರು-ನಾಲ್ಕು ಮಾತ್ರೆಯ ಗಣಗಳಲ್ಲಿ ಓಡುತ್ತದೆ. ವಾರ್ಧಕ ಷಟ್ಪದಿಗೆ ಐದರ ಗಣ. ಅಂದರೆ ಭಾಮಿನಿಯ ಒಂದೊಂದು ಗಣಕ್ಕೆ ಲೆಕ್ಕದಲ್ಲಿ ಮೂರು ಇಲ್ಲವೇ ಐದು ಆಕಾರ, ವಾರ್ಧಕದ ಗಣಕ್ಕೆ ಎಂಟು. ಎಲ್ಲವೂ ಕಿವಿಗೆ ಒಪ್ಪುವುದಿಲ್ಲ. ಲಘು ಮೊದಲು, ಗುರು ಆಮೇಲೆ ಬರುವ 'ರಮಾ' ಥರದ ನಡೆಯನ್ನು ಕವಿಗಳು ದೂರ ಇಡುತ್ತಾರಂತೆ. ಎಷ್ಟು ದಾರಿ ಇದೆ ಅಂತ ಲೆಕ್ಕ ಹೇಳುತ್ತದೆ, ಯಾವ ದಾರಿ ಅಂತ ಕಿವಿ ಹೇಳುತ್ತದೆ. ನನಗೆ ಇದು ಮರದ ಕೆಲಸದ ಹಾಗೇ ಅನ್ನಿಸಿತು. ಆ ವಾರ ಆಟಕ್ಕೆ ಹೋದಾಗ ಬೆಳಗಿನ ಜಾವದವರೆಗೂ ತೊಡೆ ಮೇಲೆ ಬೆರಳಿಟ್ಟು ಮಾತ್ರೆ ಎಣಿಸಿದೆ. ಕಥೆ ತಲೆಗೆ ಹೋಗಲಿಲ್ಲ.

ಮತ್ತೆ ಕ್ಯಾಲಿಪರ್‌ಗೆ ಬರುತ್ತೇನೆ. 18 ಸೆಂ.ಮೀ. ಸಾಲದು ಅಂದೆನಲ್ಲ, ದೊಡ್ಡದು ಒಂದನ್ನು ನಾನೇ ಮಾಡಿಕೊಂಡೆ. ಇದು ಈ ಬರಹದಲ್ಲಿ ನಿಮಗೆ ನಿಜವಾಗಿ ಕೆಲಸಕ್ಕೆ ಬರುವ ಭಾಗ, ಬೇಕಾದರೆ ಬರೆದಿಟ್ಟುಕೊಳ್ಳಿ. ಮೊದಲು 0.618, 0.382 ಅಂತ ದಶಾಂಶ ಹಿಡಿದು ಒದ್ದಾಡಿದೆ. ಆಮೇಲೆ ಹೊಳೆಯಿತು. ದಶಾಂಶ ಯಾಕೆ? ಸಾಲಿನ ಅಂಕಿಗಳನ್ನೇ ಸೆಂ.ಮೀ. ಮಾಡಿದರಾಯಿತು.

ಸಾಗವಾನಿ ಪಟ್ಟಿ ನಾಲ್ಕು. ಎರಡು 34 ಸೆಂ.ಮೀ., ಒಂದು 21, ಒಂದು 13. ಎಲ್ಲ ಅಳತೆ ತೂತಿನಿಂದ ಮೊನೆಗೆ, ಇಲ್ಲವೇ ತೂತಿನಿಂದ ತೂತಿಗೆ. ಎರಡು ಉದ್ದ ಪಟ್ಟಿಗಳ ತಲೆ ಒಂದು ಬೋಲ್ಟಿನಲ್ಲಿ ಸೇರಿಸಿ. ಎಡಗಡೆಯದಕ್ಕೆ ತಲೆಯಿಂದ 8 ಸೆಂ.ಮೀ. ಕೆಳಗೆ ತೂತು. ಬಲಗಡೆಯದಕ್ಕೆ ತಲೆಯಿಂದ 13 ಕೆಳಗೆ ತೂತು. 21ರ ಪಟ್ಟಿಯ ತಲೆಯನ್ನು ಬಲಗಡೆಯ ಆ ತೂತಿಗೆ ಕಟ್ಟಿ, ಅದು ನಡುವಿನ ಕಾಲು. ಅದರ ತಲೆಯಿಂದ 8 ಕೆಳಗೆ ಇನ್ನೊಂದು ತೂತು. ಉಳಿದ 13ರ ಪಟ್ಟಿಯನ್ನು ಎಡಗಡೆಯ ತೂತಿಗೂ ನಡುಗಾಲಿನ ತೂತಿಗೂ ಅಡ್ಡ ಕಟ್ಟಿ. ಅಷ್ಟೇ. ಮೇಲೆ ಒಂದು ಓರೆ ಚೌಕ ಆಗುತ್ತದೆ, 8 ಮತ್ತು 13ರದು. ಎಷ್ಟು ಅಗಲಿಸಿದರೂ ಅದರ ಎದುರು ಬದುರು ಬದಿಗಳು ಸಮಾನಾಂತರ. ಹಾಗಾಗಿ ನಡುವಿನ ಮೊನೆ ಯಾವಾಗಲೂ ಹೊರಗಿನ ಎರಡು ಮೊನೆಗಳ ಗೆರೆ ಮೇಲೇ ಇರುತ್ತದೆ, ಒಂದು ಕಡೆ 13 ಪಾಲು, ಇನ್ನೊಂದು ಕಡೆ 21 ಪಾಲು ಬಿಟ್ಟು.

21ನ್ನು 34ರಿಂದ ಭಾಗಿಸಿದರೆ 0.6176. ಬೇಕಾದದ್ದು 0.6180. ಅರ್ಧ ಮೀಟರ್ ಅಗಲಿಸಿದರೂ ತಪ್ಪು ಕಾಲು ಮಿ.ಮೀ. ದಾಟಲ್ಲ. ಪೆನ್ಸಿಲ್ ಗೆರೆ ಅದಕ್ಕಿಂತ ದಪ್ಪ. ಮರದ ಪಟ್ಟಿ, ನಾಲ್ಕು ಸಣ್ಣ ಬೋಲ್ಟು, ವಾಷರು, ಮೊನೆಗೆ ಮೂರು ಮೊಳೆ. ಖರ್ಚು ನಲವತ್ತು ರೂಪಾಯಿ. ಡ್ರಿಲ್ಲಿನ ಬಿಟ್ ಬೋಲ್ಟಿನಷ್ಟೇ ದಪ್ಪ ಇರಲಿ, ತೂತು ಸಡಿಲ ಆದರೆ ನನ್ನ 649 ರೂಪಾಯಿಯ ಕಥೆಯೇ ನಿಮಗೂ. ದಿನಸಿ ಅಂಗಡಿ ಲೆಕ್ಕದ ಹಾಗೆ ಸರಳ ಕೂಡಿಸುವ ಸಾಲೊಂದು ಬಡಗಿಯ ದಶಾಂಶದ ತಲೆನೋವು ತೆಗೆಯಿತಲ್ಲ, ಅದು ನನಗೆ ಪಾರ್ಥೆನಾನಿಗಿಂತ ದೊಡ್ಡದು ಕಂಡಿತು.

ಇದನ್ನು ಎಲ್ಲಿ ಬಳಸುತ್ತೇನೆ? ಬಾಗಿಲಿನ ಅಡ್ಡಪಟ್ಟಿ ಎಲ್ಲಿ ಬರಬೇಕು ಅಂತ ನೋಡಲು. ಡ್ರಾಗಳು ಕೆಳಗಿನಿಂದ ಮೇಲೆ ಸಣ್ಣದಾಗುತ್ತ ಹೋಗುವ ಕಡೆ ಮೊದಲ ಗುರುತಿಗೆ. ಮೊದಲ ಗುರುತಿಗೆ ಮಾತ್ರ. ಆಮೇಲೆ ಒಳಗೆ ಏನು ಇಡುತ್ತಾರೆ ಅಂತ ಕೇಳಿ ಅದಕ್ಕೆ ತಕ್ಕ ಹಾಗೆ ಒಂದೆರಡು ನೂಲು ಆಚೀಚೆ ಸರಿಸುತ್ತೇನೆ. ಡೆಮಿ ಅಷ್ಟಮ ಮರೆಯುವಂತಿಲ್ಲ.

ಶಿವಮೊಗ್ಗದ ಒಬ್ಬ ಆರ್ಕಿಟೆಕ್ಟ್ ಹುಡುಗಿ ಕೆಲಸಕ್ಕೆ ಬಂದಾಗ ಗೋಡೆ ಮೇಲೆ ನೇತುಹಾಕಿದ್ದ ನನ್ನ ಮರದ ಕ್ಯಾಲಿಪರ್ ನೋಡಿ ಚಂಡೀಗಢದ ವಿಷಯ ಹೇಳಿದಳು. ಆ ಊರನ್ನು ರೂಪಿಸಿದ ಲೆ ಕಾರ್ಬೂಸಿಯೆ ಮಾಡ್ಯುಲರ್ ಅಂತ ಒಂದು ಅಳತೆ ಪಟ್ಟಿ ಮಾಡಿದ್ದರು. 43, 70, 113, 183 ಸೆಂ.ಮೀ. ನೋಡಿ, ಇಲ್ಲೂ ಹಿಂದಿನ ಎರಡು ಕೂಡಿಸಿದರೆ ಮುಂದಿನದು. 43 ಕೂರುವ ಎತ್ತರ, 70 ಮೇಜಿನ ಎತ್ತರ, 113 ಹೊಕ್ಕುಳು, 183 ಆಳಿನ ಎತ್ತರ. ಮೊದಲು ಆಳಿನ ಎತ್ತರ 175 ಅಂತ ಇಟ್ಟುಕೊಂಡಿದ್ದರಂತೆ. ಆಮೇಲೆ ಇಂಗ್ಲಿಷ್ ಪತ್ತೇದಾರಿ ಕಾದಂಬರಿಗಳಲ್ಲಿ ಚೆಂದದ ಗಂಡಸರು, ಪೊಲೀಸರು ಯಾವಾಗಲೂ ಆರಡಿ ಇರುತ್ತಾರೆ ಅಂತ 183 ಮಾಡಿದರು. ನಾನು ಬಿದ್ದು ಬಿದ್ದು ನಕ್ಕೆ. ಆದರೆ 43ರ ಕುರ್ಚಿ ತಪ್ಪಲ್ಲ. ಅಂಗಡಿಗಳಲ್ಲಿ ಸಿಗುವ ಕುರ್ಚಿಯಲ್ಲಿ ಕೂತರೆ ನಮ್ಮಮ್ಮನ ಪಾದ ನೆಲ ಮುಟ್ಟುವುದಿಲ್ಲ. ಅವರಿಗೆ ಅಂತ ನಾನು ಮಾಡಿದ್ದು 40. ಅವರು ಪತ್ತೇದಾರಿ ಕಾದಂಬರಿಯ ಪಾತ್ರ ಅಲ್ಲ, ನಾಲ್ಕು ಅಡಿ ಹತ್ತು ಇಂಚು.

ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದವನು ಈ ಅಂಕಿ ನೋಡಿ, "ಮಾಮ, ಇದು ನಮ್ಮ ಆಫೀಸಿನ ಇಸ್ಪೀಟು" ಅಂದ. ಒಂದು ಕೆಲಸ ಎಷ್ಟು ದೊಡ್ಡದು ಅಂತ ಅಂದಾಜು ಮಾಡಲು ಎಲ್ಲರೂ ಒಟ್ಟಿಗೆ ಒಂದೊಂದು ಎಲೆ ಎತ್ತುತ್ತಾರಂತೆ. ಎಲೆಗಳ ಮೇಲೆ 1, 2, 3, 5, 8, 13, ಆಮೇಲೆ 20, 40, 100. ನಡುವೆ 6, 7, 9 ಇಲ್ಲ. ಕೆಲಸ ದೊಡ್ಡದಾದ ಹಾಗೆ ಅಂದಾಜೂ ಒರಟಾಗುತ್ತದೆ, ಸುಳ್ಳು ನಿಖರತೆ ಬೇಡ ಅಂತ. 13ರ ಮೇಲೆ ಸಾಲು ಬಿಟ್ಟು 20, 40 ಅಂತ ಉರುಟು ಮಾಡಿದ್ದೂ ಅದಕ್ಕೇ. ಹೀಗೆ ಎಲೆ ಎತ್ತಿ ಅಂದಾಜು ಮಾಡುವುದನ್ನು ಅಮೆರಿಕದ ಜೇಮ್ಸ್ ಗ್ರೆನಿಂಗ್ ಅನ್ನುವವರು 2002ರಲ್ಲಿ ಶುರು ಮಾಡಿದ್ದಂತೆ. ನನಗೆ ತುಂಬ ಹಿಡಿಸಿತು. ಮುಂಚೆ ನಾನು ಗಿರಾಕಿಗೆ "ಹತ್ತು ದಿನ" ಅನ್ನುತ್ತಿದ್ದೆ, ಹದಿನಾರು ಆಗುತ್ತಿತ್ತು. ಈಗ ಹತ್ತು ಅನ್ನುವ ಮಾತೇ ಇಲ್ಲ. ಎಂಟರಲ್ಲಿ ಆಗುತ್ತದಾ? ಆಗಲ್ಲ ಅಂದರೆ ಹದಿಮೂರು. ಹದಿಮೂರು ಅನುಮಾನ ಅಂದರೆ ಇಪ್ಪತ್ತೊಂದು. ಗಿರಾಕಿಗಳು ಚೌಕಾಸಿ ಮಾಡುತ್ತಾರೆ, ಹದಿನೈದು ಮಾಡಿ ಅನ್ನುತ್ತಾರೆ. ನಾನು ನಗುತ್ತೇನೆ.

ಇನ್ನು ಅನಾನಸ್. ನಮ್ಮ ಕಡೆ, ಬನವಾಸಿ ಸುತ್ತ, ಅನಾನಸ್ ತೋಟ ಜಾಸ್ತಿ. ಮೇಷ್ಟ್ರು ಹೇಳಿದರು, "ಅಳೆಯೋದು ಬಿಡು, ಎಣಿಸಿ ನೋಡು." ಸಂತೆಯಿಂದ ಒಂದು ದೊಡ್ಡ ಹಣ್ಣು ತಂದೆ. ಮೊದಲು ಕ್ಯಾಲಿಪರ್ ಹಿಡಿದೆ. ಉದ್ದಕ್ಕೂ ಅಗಲಕ್ಕೂ ಯಾವ ಚಿನ್ನವೂ ಸಿಗಲಿಲ್ಲ. ಆಮೇಲೆ ತಂಗಿಯ ಪಾರ್ಲರಿನಿಂದ ಬಿಂದಿ ಪ್ಯಾಕೆಟ್ ತಂದು ಕಣ್ಣಿಗೊಂದು ಬಿಂದಿ ಅಂಟಿಸಿದೆ. ನಿಧಾನವಾಗಿ ಏರುವ ಸಾಲುಗಳಿಗೆ ಕೆಂಪು. ಅವು 8. ಎದುರು ದಿಕ್ಕಿಗೆ ಕಡಿದಾಗಿ ಏರುವ ಸಾಲುಗಳು 13. ಹೆಚ್ಚುಕಮ್ಮಿ ನೆಟ್ಟಗೆ ನಿಂತ ಸಾಲುಗಳೂ ಇವೆ, 21. ಮೂರು ಸಲ ಎಣಿಸಿದೆ. ಹುಡುಗನೂ ಎಣಿಸಿದ. ಸಣ್ಣ ಹಣ್ಣು ತಂದರೆ 5, 8, 13 ಬಂತು.

ಸಂತೆಯಲ್ಲಿ ಅನಾನಸ್ ಕೊಯ್ಯುವವರನ್ನು ನೋಡಿದ್ದೀರಾ? ಸಿಪ್ಪೆ ತೆಗೆದ ಮೇಲೆ ಕಣ್ಣುಗಳನ್ನು ಒಂದೊಂದಾಗಿ ಕೀಳುವುದಿಲ್ಲ. ಓರೆಯಾಗಿ ಸಾಲು ಹಿಡಿದು ಚರಕ್ಕನೆ ತೋಡುತ್ತಾರೆ. ಅವರ ಚಾಕು ಹೋಗುವುದು ಈ ಸಾಲಿನಲ್ಲೇ. ಅವರಿಗೆ ಫಿಬೊನಾಚಿ ಬೇಡ, ಹಣ್ಣು ಪೋಲಾಗಬಾರದು ಅಷ್ಟೇ.

ಗಿಡದ ತುದಿಯಲ್ಲಿ ಹೊಸ ಮೊಗ್ಗು ಹುಟ್ಟುವಾಗ ಹಳೆಯವುಗಳಿಂದ ದೂರ, ಸಂದು ಇರುವ ಕಡೆ ಜಾಗ ಹಿಡಿಯುತ್ತದೆ. ಒಂದರಿಂದ ಇನ್ನೊಂದಕ್ಕೆ ಸುಮಾರು 137.5 ಡಿಗ್ರಿ ತಿರುವು. ಅದರ ಫಲವಾಗಿ ಸುರುಳಿಗಳ ಸಂಖ್ಯೆ ಈ ಸಾಲಿಗೆ ಬೀಳುತ್ತದೆ. ಸೂರ್ಯಕಾಂತಿಯಲ್ಲೂ ಹೀಗೇ, 34 ಮತ್ತು 55 ಸಾಮಾನ್ಯ. ಯಾವಾಗಲೂ ಅಲ್ಲ, ಇದನ್ನು ಹಾಳೆಗಳು ಹೇಳುವುದಿಲ್ಲ. ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ ಕೊನೆಯ ವರ್ಷಗಳಲ್ಲಿ ಇದೇ ವಿಷಯದ ಬೆನ್ನು ಹತ್ತಿದ್ದರು. ಅವರು ಹುಟ್ಟಿ ನೂರು ವರ್ಷ ತುಂಬಿದ 2012ರಲ್ಲಿ ಮ್ಯಾಂಚೆಸ್ಟರಿನವರು ಜನರಿಂದಲೇ ಸೂರ್ಯಕಾಂತಿ ಬೆಳೆಸಿ ಎಣಿಸಿದರು. 2016ರಲ್ಲಿ 657 ಹೂಗಳ ಲೆಕ್ಕ ಪ್ರಕಟ ಆಯಿತು. ಹೆಚ್ಚಿನವು ಈ ಸಾಲಿನವೇ, ಆದರೆ ಸಾಲು ತಪ್ಪಿದ ಹೂಗಳೂ ಕಡಿಮೆ ಇರಲಿಲ್ಲ. ನನಗೆ ಆ ತಪ್ಪಿದ ಹೂಗಳ ಮೇಲೆ ಪ್ರೀತಿ. ನನ್ನ ಎರಡನೇ ಸಲದ ಎಣಿಕೆಯಲ್ಲೂ ಒಂದು ಹಣ್ಣು ಯಾವುದಕ್ಕೂ ಸಿಗಲಿಲ್ಲ. ನಾನೇ ತಪ್ಪಿದೆನೋ, ಹಣ್ಣೇ ಹಾಗೋ ನೋಡುವಷ್ಟರಲ್ಲಿ ಮನೆಯಲ್ಲಿ ಗೊಜ್ಜು ಮಾಡಿಬಿಟ್ಟಿದ್ದರು.

ಆದ್ದರಿಂದ ಕ್ಯಾಲಿಪರ್ ಮೇಲೆ ನನ್ನ ಮುಖ್ಯ ತಕರಾರು ಕೀಲಿನದಲ್ಲ. ಈ ಸಾಲು ಸಿಗುವುದು ಎಣಿಸುವ ಕಡೆ. ಮಾತ್ರೆ, ಹಣ್ಣಿನ ಕಣ್ಣು, ಸಂದು ತುಂಬುವ ದಾರಿ. ಕ್ಯಾಲಿಪರಿಗೆ ಎಣಿಸಲು ಬರಲ್ಲ. ಅದು ಬರೀ ಅಳೆಯುತ್ತದೆ. ಅಳತೆಯಲ್ಲಿ ನಾಲ್ಕೈದು ಮಿ.ಮೀ. ಕಣ್ಣುಮುಚ್ಚಿದರೆ ಜಗತ್ತಿನ ಯಾವ ವಸ್ತುವೂ 1.618 ಆಗುತ್ತದೆ. ನಮ್ಮ ಅಂಗಡಿಗೆ ಬರುವ ಒಬ್ಬರು ಷೇರು ಪೇಟೆಯ ಗೆರೆಗಳ ಮೇಲೂ 38.2, 61.8 ಅಂತ ಗುರುತು ಹಾಕಿ ಫೋನಿನಲ್ಲಿ ತೋರಿಸುತ್ತಾರೆ. ಬೆಲೆ ಅಲ್ಲಿಗೆ ಬಂದು ನಿಂತರೆ "ನೋಡಿ" ಅನ್ನುತ್ತಾರೆ. ನಿಲ್ಲದ ದಿನ ಅವರು ಅಂಗಡಿ ಕಡೆ ಬರಲ್ಲ. ಅವರ ಮಂಚದ ಬಾಕಿ ಇನ್ನೂ ಇದೆ.

ಯಾರು ತೆಗೆದುಕೊಳ್ಳಬಹುದು? ಸಣ್ಣ ಕೆತ್ತನೆ ಮಾಡುವವರಿಗೆ, ಪೆಟ್ಟಿಗೆ, ಫೋಟೋ ಚೌಕಟ್ಟು ಮಾಡುವವರಿಗೆ ಪರವಾಗಿಲ್ಲ. ಕೊಳ್ಳುವುದಾದರೆ ರಿವೆಟ್ ಬದಲು ಸ್ಕ್ರೂ ಇರುವುದನ್ನು ನೋಡಿ, ಸಡಿಲವಾದರೆ ಬಿಗಿ ಮಾಡಬಹುದು. ಬಂದ ದಿನವೇ 10 ಸೆಂ.ಮೀ.ಗೆ ಅಗಲಿಸಿ ಪರೀಕ್ಷಿಸಿ. 62ಕ್ಕೆ ಒಂದು ಕೂದಲು ಕಡಿಮೆ ಬರಬೇಕು. ಬರಲಿಲ್ಲ ಅಂದರೆ ವಾಪಸು ಕಳಿಸಿ. ನಾನು ತಮಾಷೆಯಲ್ಲಿ ಕಾಲ ಕಳೆದು ವಾಪಸಿನ ದಿನ ಮೀರಿಸಿಕೊಂಡೆ. ದೊಡ್ಡ ಮರದ ಕೆಲಸಕ್ಕೆ ಬೇಡವೇ ಬೇಡ. 34, 34, 21, 13ರ ಪಟ್ಟಿ ಕೊಯ್ದುಕೊಳ್ಳಿ. ಮಕ್ಕಳಿಗೆ ಗಣಿತ ತೋರಿಸಲು ಅಂತ ಕೊಳ್ಳುವವರಿದ್ದರೆ ಅದೇ ದುಡ್ಡಿಗೆ ಅನಾನಸ್ ತನ್ನಿ, ಬಿಂದಿ ತನ್ನಿ. ಎಣಿಸಿ ಆದ ಮೇಲೆ ತಿನ್ನಲೂ ಬರುತ್ತದೆ. ಬಡಗಿಯ ಲೆಕ್ಕದಲ್ಲಿ ಐದಕ್ಕೆ ಎರಡು ನಕ್ಷತ್ರ.

ಎರಡು ತಿಂಗಳಿಂದ ಅದು ನನ್ನ ಹತ್ತಿರ ಇಲ್ಲ. ಬಿಂದಿ ವಾಪಸು ಕೊಡಲು ಹೋದಾಗ ತಂಗಿ ಕೇಳಿ ಇಸಿದುಕೊಂಡಳು. ಮೊನ್ನೆ ಹೇಗಿದೆ ಅಂತ ವಿಚಾರಿಸಿದೆ. "ಮೊದಲ ಗುರುತಿಗೆ ಚೆನ್ನಾಗಿದೆ ಅಣ್ಣ" ಅಂದಳು. "ಆಮೇಲೆ ಮುಖ ನೋಡಿ ಸ್ವಲ್ಪ ಆಚೀಚೆ ಮಾಡ್ತೀನಿ."